ಬಿದಿರು ಬಾನ್ಸುರಿಯಾದ ಬಗೆ

ಬೆಳಗಾವಿ ನಗರದಿಂದ ದಕ್ಷಿಣಕ್ಕೆ ಸುಮಾರು ೨೫ ಕಿಲೋಮೀಟರುಗಳ ದೂರದಲ್ಲಿ ಖಾನಾಪುರವಿದೆ. ಅಲ್ಲಿಂದ ಪಶ್ಚಿಮಕ್ಕೆ ಸಾಗಿದಂತೆಲ್ಲ ಬಯಲು ಹಿಂದೆ ಸರಿದು ಸಹ್ಯಾದ್ರಿಯ ದಟ್ಟವಾದ ಅರಣ್ಯ ಎದುರಾಗುತ್ತದೆ. ಮಲಪ್ರಭೆಯು ಹುಟ್ಟುವ ಕಣಕುಂಬಿ ಈ ತಾಲ್ಲೂಕಿನಲ್ಲಿಯೇ ಇದೆ. ಮಳೆ ಹೇರಳವಾಗಿ ಸುರಿಯುವ ಈ ಕಾಡುಗಳಲ್ಲಿ ಬಿದಿರು ಸಮೃದ್ಧವಾಗಿ ಬೆಳೆಯುತ್ತದೆ. ಮೇದಾರರ ಕೈಯಲ್ಲಿ ಅದು ಬುಟ್ಟಿಯಾಗುತ್ತದೆ, ಮೊರವಾಗುತ್ತದೆ, ತಟ್ಟಿಯಾಗುತ್ತದೆ. ದನ ಕಾಯುವವನ ಕೈಯಲ್ಲಿ ಅದೇ ಬಿದಿರಿನ ಒಂದು ತುಂಡು ಕೊಳಲಾಗುತ್ತದೆ. ಕಾಡಿನ ಅಂಚಿನಲ್ಲಿ ಬದುಕುವ ಜನರಿಗೆ ಕೊಳಲು ಎಂದೂ ಅಪರೂಪದ ವಸ್ತುವಾಗಿರಲಿಲ್ಲ.

ಇದೇ ನಾಡು ಸಂಗೀತಕ್ಕೂ ಹೆಸರಾದುದು. ಮಿರಜಿನಿಂದ ಹೊರಟ ರೈಲು ಬೆಳಗಾವಿ, ಖಾನಾಪುರ, ಲೋಂಡಾಗಳನ್ನು ಹಾದು ಧಾರವಾಡ, ಹುಬ್ಬಳ್ಳಿಗಳನ್ನು ಸೇರುತ್ತದೆ. ಈ ಹಾದಿಯ ಒಂದು ತುದಿಯಾದ ಮಿರಜಿನಲ್ಲಿ ಕಿರಾಣಾ ಘರಾಣೆಯ ಮಹಾಗಾಯಕ ಉಸ್ತಾದ್ ಅಬ್ದುಲ್ ಕರೀಂ ಖಾನರು (೧೮೭೨-೧೯೩೭) ನೆಲೆಸಿದ್ದರು. ಇನ್ನೊಂದು ತುದಿಯಲ್ಲಿ, ಹುಬ್ಬಳ್ಳಿಗೆ ಸಮೀಪದ ಕುಂದಗೋಳದಲ್ಲಿ, ಅವರ ಶಿಷ್ಯ ಸವಾಯಿ ಗಂಧರ್ವರು ತಮ್ಮ ಗುರುವಿನ ಗಾನವನ್ನು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಮೊದಲಾದವರಿಗೆ ಧಾರೆಯೆರೆದರು. ಬೆಳಗಾವಿಗೆ ಹತ್ತಿರದ ಸುಳೇಭಾವಿಯಲ್ಲಿ ೧೯೨೪ರಲ್ಲಿ ಕುಮಾರ ಗಂಧರ್ವರು ಜನಿಸಿದರು. ಹೀಗೆ ಬಿದಿರೂ ಖ್ಯಾಲ್ ಗಾಯನವೂ ಒಂದೇ ನಾಡಿನಲ್ಲಿ ನೆರೆಹೊರೆಯವರಂತೆ ಬಾಳಿಕೊಂಡು ಬಂದವು. ಆದರೂ ಬಹುಕಾಲದವರೆಗೆ ಆ ಬಿದಿರಿನ ಕೊಳಲಿಗೆ ಆ ಗಾಯನವನ್ನು ನುಡಿಸುವ ಶಕ್ತಿಯಿರಲಿಲ್ಲ. ಅದಕ್ಕೆ ಕಾರಣವೇನು? ಆ ಕೊರತೆ ನೀಗಿದುದು ಹೇಗೆ?

ಭಾರತೀಯ ಶಾಸ್ತ್ರಕಾರರು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ತಂತಿಯಿಂದ ನುಡಿಯುವುದು ತತ, ಗಾಳಿಯಿಂದ ನುಡಿಯುವುದು ಸುಷಿರ, ಚರ್ಮದ ಹೊದಿಕೆಯುಳ್ಳದ್ದು ಅವನದ್ಧ, ಲೋಹದ ತಾಳದಂಥದು ಘನ. ಸುಷಿರ ವಾದ್ಯಗಳಲ್ಲಿ ಕೊಳಲು ಅತ್ಯಂತ ಪ್ರಾಚೀನವಾದುದು. ಭರತನ ನಾಟ್ಯಶಾಸ್ತ್ರ ಅದನ್ನು ವಂಶವೆಂಬ ಹೆಸರಿನಿಂದ ಗುರುತಿಸುತ್ತದೆ. ಹೊಯ್ಸಳರ ಶಿಲ್ಪಿಗಳು ವೇಣುಗೋಪಾಲನ ಮೂರ್ತಿಯನ್ನು ಕಂಡರಿಸುವಾಗ ಅವನ ಕೈಗೆ ಈ ವಾದ್ಯವನ್ನೇ ಕೊಟ್ಟರು. ಇಷ್ಟು ಗೌರವವಿದ್ದರೂ ಉತ್ತರಾದಿ ಸಂಗೀತದ ಕಛೇರಿಯಲ್ಲಿ ವೀಣೆ, ಸಿತಾರ್, ಸರೋದ್‌ಗಳಿಗೆ ದೊರೆತ ಪ್ರಧಾನಸ್ಥಾನ ಕೊಳಲಿಗೆ ದೊರೆತಿರಲಿಲ್ಲ. ಅದು ಜನಪದರ ಹಾಡಿಗೆ, ನೃತ್ಯಕ್ಕೆ, ನಾಟಕದ ಮೇಳಕ್ಕೆ ಜೊತೆಯಾಗಿ ತೃಪ್ತಿಪಡಬೇಕಾಗಿತ್ತು.

ಇದಕ್ಕೆ ಕಾರಣ ಜನರ ತಾತ್ಸಾರವಷ್ಟೇ ಅಲ್ಲ. ಕೊಳಲಿನ ಗಾತ್ರವೂ ಕಾರಣವಾಗಿತ್ತು. ಕೊಳಲನ್ನು ಊದಿದಾಗ ನುಡಿಯುವುದು ವಾಸ್ತವವಾಗಿ ಬಿದಿರಲ್ಲ, ಅದರೊಳಗಿನ ಗಾಳಿಯ ಕಂಬ. ತುಟಿಗಳಿಂದ ಹೊರಟ ಉಸಿರು ಊದುವ ರಂಧ್ರದ ಅಂಚಿಗೆ ತಾಗಿ ಒಳಗಿನ ಗಾಳಿಯನ್ನು ಕಂಪಿಸುವಂತೆ ಮಾಡುತ್ತದೆ. ಈ ಗಾಳಿಯ ಕಂಬ ಉದ್ದವಾದಷ್ಟೂ ಕಂಪನ ನಿಧಾನವಾಗುತ್ತದೆ, ಸ್ವರ ತಗ್ಗುತ್ತದೆ. ಕಂಬದ ಉದ್ದ ೩೪ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಸೆಕೆಂಡಿಗೆ ಸುಮಾರು ೫೦೦ ಕಂಪನಗಳುಂಟಾಗುತ್ತವೆ. ಉದ್ದವನ್ನು ಇಮ್ಮಡಿಸಿ ೬೮ ಸೆಂಟಿಮೀಟರ್ ಮಾಡಿದರೆ ಕಂಪನಗಳು ಸುಮಾರು ೨೫೦ಕ್ಕೆ ಇಳಿಯುತ್ತವೆ. ಅಂದರೆ ಸ್ವರವು ಸರಿಯಾಗಿ ಒಂದು ಸಪ್ತಕದಷ್ಟು ಕೆಳಗಿಳಿಯುತ್ತದೆ. ಬೆರಳುಗಳಿಂದ ರಂಧ್ರಗಳನ್ನು ಮುಚ್ಚುವುದು, ತೆರೆಯುವುದು ಎಂದರೆ ಈ ಗಾಳಿಯ ಕಂಬವನ್ನು ಉದ್ದಗೊಳಿಸುವುದು, ಮೊಟಕುಗೊಳಿಸುವುದು ಎಂದೇ ಅರ್ಥ. ಹಳೆಯ ಕೊಳಲುಗಳು ಬಹುಮಟ್ಟಿಗೆ ಗಿಡ್ಡವಾಗಿದ್ದವು. ಅವುಗಳ ನಾದ ಇಂಪಾಗಿತ್ತು, ಬಯಲಿನಲ್ಲಿ ದೂರದವರೆಗೆ ಕೇಳುತ್ತಿತ್ತು, ಆದರೆ ತಾರಸ್ಥಾಯಿಯದಾಗಿತ್ತು.

ಖ್ಯಾಲ್ ಗಾಯನ, ಅದರಲ್ಲಿಯೂ ಕಿರಾಣಾ ಘರಾಣೆಯ ಗಾಯನ, ಬೇಡುವುದು ಇದಕ್ಕೆ ತೀರ ಭಿನ್ನವಾದುದನ್ನು. ಅಲ್ಲಿ ಗಾಯಕನು ಅವಸರಪಡುವುದಿಲ್ಲ. ಮಂದ್ರಸಪ್ತಕದಲ್ಲಿ ಆಲಾಪವನ್ನಾರಂಭಿಸಿ, ಒಂದೊಂದು ಸ್ವರದ ಬಳಿಯೂ ನಿಂತು, ಅದರ ಸುತ್ತಲಿನ ಭಾವವನ್ನೆಲ್ಲ ತೋಡಿಕೊಂಡು, ಬಹು ನಿಧಾನವಾಗಿ ಮೇಲೇರುತ್ತಾನೆ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಜಿಗಿಯುವುದಿಲ್ಲ, ಜಾರುತ್ತಾನೆ. ಈ ಜಾರುವಿಕೆಗೆ ಮೀಂಡ್ ಎಂದು ಹೆಸರು. ಗಿಡ್ಡ ಕೊಳಲಿನಲ್ಲಿ ಮಂದ್ರದ ಗಾಂಭೀರ್ಯವಿಲ್ಲ. ದೀರ್ಘವಾದ ಮೀಂಡಿಗೆ ಎಡೆ ಸಾಲದು. ಆದುದರಿಂದ ಕೊಳಲು ಕಛೇರಿಯ ಪ್ರಧಾನ ವಾದ್ಯವಾಗಬೇಕಾದರೆ ವಾದಕನ ಪರಿಶ್ರಮವೊಂದೇ ಸಾಲುತ್ತಿರಲಿಲ್ಲ. ವಾದ್ಯವೇ ಮಾರ್ಪಡಬೇಕಾಗಿತ್ತು.

ಈ ಕಾರ್ಯವನ್ನು ಕೈಗೊಂಡವರು ಪನ್ನಾಲಾಲ್ ಘೋಷ್. ಅವರು ೧೯೧೧ರಲ್ಲಿ ಅಂದಿನ ಅವಿಭಜಿತ ಬಂಗಾಳದ ಬಾರಿಸಾಲ್‌ನಲ್ಲಿ ಜನಿಸಿದರು; ಆ ಊರು ಈಗ ಬಾಂಗ್ಲಾದೇಶದಲ್ಲಿದೆ. ಅವರ ತಂದೆ ಸಿತಾರ್ ವಾದಕರು. ಕಲಕತ್ತೆಯ ಚಲನಚಿತ್ರ ಸಂಗೀತದಲ್ಲಿ ದುಡಿದು, ೧೯೩೮ರಲ್ಲಿ ಸರಾಯಿಕೇಲಾದ ಛಾವು ನೃತ್ಯತಂಡದೊಡನೆ ಯುರೋಪಿಗೆ ಹೋಗಿ ಬಂದು, ೧೯೪೦ರಲ್ಲಿ ಅವರು ಮುಂಬಯಿಗೆ ನೆಲೆ ಬದಲಿಸಿದರು. ಮುಂದೆ ಉಸ್ತಾದ್ ಅಲ್ಲಾವುದ್ದೀನ್ ಖಾನರ ಶಿಷ್ಯರಾದರು. ಅಬ್ದುಲ್ ಕರೀಂ ಖಾನರ ಗಾಯನ ಅವರ ಮೇಲೆ ಗಾಢವಾದ ಪ್ರಭಾವವನ್ನು ಬೀರಿತ್ತು. ಮಿರಜಿನಿಂದ ಕುಂದಗೋಳದವರೆಗೆ ಕೇಳಿಬರುತ್ತಿದ್ದ ಆ ವಿಲಂಬಿತ ಗತಿಯ ಗಾನವನ್ನು ಕೊಳಲಿನಿಂದ ಹೊರಡಿಸಬೇಕೆಂಬುದು ಅವರ ಹಂಬಲವಾಯಿತು. ಲೋಹವೇ ಮೊದಲಾದ ಬೇರೆ ಬೇರೆ ವಸ್ತುಗಳಿಂದ ಕೊಳಲುಗಳನ್ನು ಮಾಡಿಸಿ ಪರೀಕ್ಷಿಸಿದ ಅವರು ಕೊನೆಗೆ ಬಿದಿರನ್ನೇ ಆರಿಸಿಕೊಂಡರೆಂದು ಹೇಳುತ್ತಾರೆ. ಆದರೆ ಆ ಬಿದಿರಿನ ಉದ್ದವನ್ನು ೩೨ ಅಂಗುಲಗಳಿಗೆ, ಅಂದರೆ ಸುಮಾರು ೮೧ ಸೆಂಟಿಮೀಟರುಗಳಿಗೆ, ಹಿಗ್ಗಿಸಿದರು.

ಉದ್ದವನ್ನು ಹೆಚ್ಚಿಸುವುದು ಮೇಲ್ನೋಟಕ್ಕೆ ಸುಲಭವಾದ ಕೆಲಸವೆಂದು ತೋರುತ್ತದೆ. ಆದರೆ ವಾದ್ಯದ ಒಂದು ಅಂಗವನ್ನು ಬದಲಿಸಿದರೆ ಉಳಿದ ಅಂಗಗಳು ಸುಮ್ಮನಿರುವುದಿಲ್ಲ. ನಳಿಗೆ ಉದ್ದವಾಗಿ ಕಿರಿದಾಗಿದ್ದರೆ ಕೆಳಗಿನ ಸ್ವರಗಳು ಕ್ಷೀಣಿಸಿ, ಸ್ವಲ್ಪ ಜೋರಾಗಿ ಊದಿದೊಡನೆ ನಾದ ಮೇಲಿನ ಸಪ್ತಕಕ್ಕೆ ಹಾರಿಬಿಡುತ್ತದೆ. ಆದುದರಿಂದ ಒಳಗಿನ ವ್ಯಾಸವನ್ನೂ ಹೆಚ್ಚಿಸಬೇಕು. ವ್ಯಾಸ ಮಿತಿಮೀರಿದರೆ ತಾರಸಪ್ತಕದ ಸ್ವರಗಳು ಹೊರಡುವುದು ಕಷ್ಟವಾಗುತ್ತದೆ. ಎರಡಕ್ಕೂ ನಡುವಿನ ಹದವನ್ನು ಹುಡುಕಬೇಕು. ಉದ್ದ ಹೆಚ್ಚಿದಂತೆ ಸ್ವರರಂಧ್ರಗಳ ನಡುವಣ ಅಂತರವೂ ಹೆಚ್ಚುತ್ತದೆ, ರಂಧ್ರಗಳೂ ದೊಡ್ಡವಾಗುತ್ತವೆ. ಮನುಷ್ಯನ ಕೈ ಮಾತ್ರ ಇದ್ದಷ್ಟೇ ಇರುತ್ತದೆ. ಬೆರಳ ತುದಿಯಿಂದ ರಂಧ್ರವನ್ನು ಮುಚ್ಚುವ ಹಳೆಯ ಅಭ್ಯಾಸವನ್ನು ಬಿಟ್ಟು, ಬೆರಳುಗಳನ್ನು ಅಗಲಿಸಿ, ಅವುಗಳ ಚಪ್ಪಟೆಯಾದ ನಡುಭಾಗದಿಂದ ಮುಚ್ಚುವುದನ್ನು ವಾದಕ ಹೊಸದಾಗಿ ಕಲಿಯಬೇಕು. ಅಷ್ಟು ದೊಡ್ಡ ಗಾಳಿಯ ಕಂಬವನ್ನು ಹಿಡಿದಿಡಲು ಶ್ವಾಸಕೋಶಗಳಿಗೆ ಹೆಚ್ಚಿನ ಬಲವೂ ಬೇಕು. ಹೀಗೆ ವಾದ್ಯದ ಮಾರ್ಪಾಟಿನೊಡನೆ ವಾದಕನ ದೇಹವೂ ಮರುಶಿಕ್ಷಣ ಪಡೆಯಬೇಕಾಯಿತು.

ಇನ್ನು ಬಿದಿರಿನ ಪ್ರಶ್ನೆ. ಖಾನಾಪುರದಂಥ ಮಲೆಸೀಮೆಯ ಕಾಡುಗಳಲ್ಲಿ ಸಾಮಾನ್ಯವಾಗಿ ಕಾಣುವ ಬಿದಿರು ಗಟ್ಟಿಯಾದುದು, ದಪ್ಪ ಗೋಡೆಯದು. ಕೆಲವು ಗಳಗಳಂತೂ ಒಳಗೆ ಪೊಳ್ಳೇ ಇಲ್ಲದಷ್ಟು ತುಂಬಿಕೊಂಡಿರುತ್ತವೆ. ಮನೆಯ ಮಾಡಿಗೆ, ಏಣಿಗೆ, ಕೋಲಿಗೆ ಇದು ಶ್ರೇಷ್ಠ. ಆದರೆ ದೀರ್ಘವಾದ ಕೊಳಲಿಗೆ ಬೇಕಾದುದು ತೆಳುವಾದ ಗೋಡೆ, ನೇರವಾದ ಪೊಳ್ಳು, ಒಂದು ಗೆಣ್ಣಿಗೂ ಇನ್ನೊಂದಕ್ಕೂ ನಡುವೆ ಬಹಳ ಅಂತರ. ಇಂಥ ಬಿದಿರು ಅಸ್ಸಾಮಿನ ಕಡೆಯ ಕಾಡುಗಳಲ್ಲಿ ಹೇರಳವಾಗಿ ದೊರೆಯುತ್ತದೆ. ಅದನ್ನು ತರಿಸಿ, ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸಿ ಹದಗೊಳಿಸಿದ ಮೇಲೆ ಕಾದ ಕಬ್ಬಿಣದ ಸಲಾಕೆಯಿಂದ ರಂಧ್ರಗಳನ್ನು ಸುಟ್ಟು ಕೊರೆಯುತ್ತಾರೆ. ರಂಧ್ರವನ್ನು ಸ್ವಲ್ಪ ಸ್ವಲ್ಪವಾಗಿ ಹಿರಿದುಗೊಳಿಸುತ್ತ, ಪ್ರತಿಸಲವೂ ಊದಿ ನೋಡುತ್ತ, ಕಿವಿಯ ತೀರ್ಪಿನಂತೆ ಸ್ವರವನ್ನು ಕೂಡಿಸುತ್ತಾರೆ. ಹಿರಿದಾದ ರಂಧ್ರವನ್ನು ಮತ್ತೆ ಕಿರಿದುಗೊಳಿಸುವುದು ಕಷ್ಟ. ಬಿಸಿಲು ಚಳಿಗಳಿಗೆ ಬಿದಿರು ಸೀಳಬಾರದೆಂದು ಅಲ್ಲಲ್ಲಿ ಬಿಗಿಯಾಗಿ ದಾರವನ್ನು ಸುತ್ತುತ್ತಾರೆ. ಒಂದು ಬಿದಿರಿನಂತೆ ಇನ್ನೊಂದಿಲ್ಲವಾದುದರಿಂದ ಒಂದು ಕೊಳಲಿನ ಅಳತೆಯನ್ನು ಇನ್ನೊಂದಕ್ಕೆ ಕಣ್ಣುಮುಚ್ಚಿ ಹಾಕುವಂತಿಲ್ಲ.

ಉದ್ದವಾದ ಕೊಳಲು ಮಂದ್ರದ ಗಾಂಭೀರ್ಯವನ್ನು ದೊರಕಿಸಿಕೊಟ್ಟಿತು. ಆದರೂ ಒಂದು ತೊಡಕು ಉಳಿಯಿತು. ಆರು ಸ್ವರರಂಧ್ರಗಳ ಕೊಳಲಿನಲ್ಲಿ ಮೇಲಿನ ಮೂರು ರಂಧ್ರಗಳನ್ನು ಮುಚ್ಚಿದಾಗ ಷಡ್ಜ ನುಡಿಯುತ್ತದೆ. ಒಂದೊಂದಾಗಿ ಬೆರಳೆತ್ತುತ್ತ ಹೋಗಿ ಎಲ್ಲವನ್ನೂ ತೆರೆದಾಗ ತೀವ್ರ ಮಧ್ಯಮ ನುಡಿಯುತ್ತದೆ. ಮುಂದಿನ ಪಂಚಮ ಬೇಕಾದರೆ ತೆರೆದ ಆರೂ ರಂಧ್ರಗಳನ್ನು ಒಮ್ಮೆಗೇ ಮುಚ್ಚಿ, ಉಸಿರನ್ನು ಬಲಪಡಿಸಿ ಊದಬೇಕು. ಎಲ್ಲ ಬೆರಳುಗಳೂ ಒಟ್ಟಿಗೆ ಬೀಳುವ ಈ ಸ್ಥಳದಲ್ಲಿ ಮೀಂಡ್ ತುಂಡಾಗುತ್ತದೆ. ಯಮನ್ ರಾಗದಲ್ಲಿ ತೀವ್ರ ಮಧ್ಯಮದಿಂದ ಪಂಚಮಕ್ಕೆ ಗಾಯಕನು ನೀರಿನ ಮೇಲೆ ದೋಣಿ ಸಾಗುವಂತೆ ಸಾಗುತ್ತಾನೆ. ಕೊಳಲು ಮಾತ್ರ ಅಲ್ಲಿ ಹಳ್ಳವನ್ನು ಹಾರಿದಂತೆ ಹಾರಬೇಕಾಗಿತ್ತು. ಅಲ್ಲದೆ ಆ ಕೊಳಲಿನ ಅತ್ಯಂತ ಕೆಳಗಿನ ಸ್ವರ ಮಂದ್ರ ಪಂಚಮ. ಪಂಚಮವನ್ನೇ ವರ್ಜಿಸಿ ಮಂದ್ರದ ತೀವ್ರ ಮಧ್ಯಮಕ್ಕೆ ಇಳಿಯಬೇಕಾದ ಪೂರಿಯಾದಂಥ ರಾಗಗಳಿಗೆ ಅಲ್ಲಿ ನೆಲವೇ ಸಿಗುತ್ತಿರಲಿಲ್ಲ.

ಪನ್ನಾಲಾಲ್ ಘೋಷರು ಕೊಳಲಿನ ಕೆಳತುದಿಯಲ್ಲಿ ಏಳನೆಯ ರಂಧ್ರವೊಂದನ್ನು ಸೇರಿಸಿದರು. ಅದನ್ನು ಮುಚ್ಚುವ ಕೆಲಸ ಅದುವರೆಗೆ ಬಿಡುವಾಗಿದ್ದ ಕಿರುಬೆರಳಿಗೆ ಬಂದಿತು. ಏಳೂ ರಂಧ್ರಗಳನ್ನು ಮುಚ್ಚಿದಾಗ ಮಂದ್ರದ ತೀವ್ರ ಮಧ್ಯಮ ನುಡಿಯುತ್ತದೆ. ಕಿರುಬೆರಳನ್ನೆತ್ತಿದರೆ ಪಂಚಮ ನುಡಿಯುತ್ತದೆ. ಉಸಿರನ್ನು ಬಲಪಡಿಸಿದರೆ ಅದೇ ಬೆರಳಿನ ಚಲನೆಯಿಂದ ಮಧ್ಯಸಪ್ತಕದಲ್ಲಿಯೂ ಇವೇ ಎರಡು ಸ್ವರಗಳು ಹೊರಡುತ್ತವೆ. ಈಗ ತೀವ್ರ ಮಧ್ಯಮದಿಂದ ಪಂಚಮಕ್ಕೆ ಹೋಗಲು ಆರು ಬೆರಳುಗಳು ಒಮ್ಮೆಗೇ ಅಲುಗಬೇಕಾಗಿಲ್ಲ. ಕಿರುಬೆರಳೊಂದನ್ನು ಮೆಲ್ಲನೆ ಸರಿಸಿದರೆ ಸಾಕು, ಸ್ವರ ಜಾರಿಕೊಂಡು ಹೋಗುತ್ತದೆ. ಒಂದೇ ರಂಧ್ರ ಎರಡು ಕೊರತೆಗಳನ್ನು ನೀಗಿಸಿತು. ಇದನ್ನು ಕಂಡುಹಿಡಿಯಲು ಬಿದಿರಿನ ಜ್ಞಾನ ಎಷ್ಟು ಬೇಕಾಗಿತ್ತೋ, ರಾಗದ ಜ್ಞಾನವೂ ಅಷ್ಟೇ ಬೇಕಾಗಿತ್ತು.

ಈ ಹೊಸ ಬಾನ್ಸುರಿಗೆ ಕಾಲವೂ ನೆರವಾಯಿತು. ಉದ್ದ ಕೊಳಲಿನ ಮಂದ್ರಸ್ವರಗಳು ಗಂಭೀರವಾದರೂ ಮೃದುವಾದವು; ವಿಶಾಲವಾದ ಸಭಾಂಗಣದ ಹಿಂದಿನ ಸಾಲಿಗೆ ಅವು ತಾವಾಗಿಯೇ ತಲುಪಲಾರವು. ಧ್ವನಿವರ್ಧಕವೂ ಆಕಾಶವಾಣಿಯೂ ಈ ದೌರ್ಬಲ್ಯವನ್ನು ಮರೆಸಿದವು. ಮೈಕಿನ ಎದುರು ಮೆಲ್ಲಗೆ ಊದಿದ ಸ್ವರ ಸಾವಿರಾರು ಮನೆಗಳಲ್ಲಿ ಒಂದೇ ಸಮನೆ ಕೇಳಿಸತೊಡಗಿತು. ೧೯೫೦ರಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಉತ್ತರ ಕರ್ನಾಟಕದ ಊರುಗಳಿಗೂ ಶಾಸ್ತ್ರೀಯ ಸಂಗೀತ ರೇಡಿಯೋದ ಮೂಲಕ ನಿತ್ಯದ ಸಂಗಾತಿಯಾಯಿತು. ಪನ್ನಾಲಾಲ್ ಘೋಷರು ೧೯೫೬ರಲ್ಲಿ ದೆಹಲಿಯ ಆಕಾಶವಾಣಿಯ ವಾದ್ಯವೃಂದದ ಹೊಣೆಯನ್ನು ವಹಿಸಿಕೊಂಡರು. ೧೯೬೦ರಲ್ಲಿ, ಐವತ್ತು ವರ್ಷ ತುಂಬುವ ಮೊದಲೇ, ಅವರು ತೀರಿಕೊಂಡರು. ಅಷ್ಟರಲ್ಲಿ ಬಾನ್ಸುರಿ ಸಿತಾರ್ ಸರೋದ್‌ಗಳ ಸಾಲಿನಲ್ಲಿ ಕುಳಿತಿತ್ತು.

ಪಶ್ಚಿಮದಲ್ಲಿಯೂ ಕೊಳಲು ಇಂಥದೇ ಪರೀಕ್ಷೆಯನ್ನೆದುರಿಸಿತ್ತು. ಜರ್ಮನಿಯ ಮ್ಯೂನಿಕ್ ನಗರದ ಥಿಯೋಬಾಲ್ಡ್ ಬೋಮ್ (೧೭೯೪-೧೮೮೧) ಅಕ್ಕಸಾಲಿಗನೂ ಹೌದು, ಆಸ್ಥಾನದ ಕೊಳಲುವಾದಕನೂ ಹೌದು. ಬೆಳೆಯುತ್ತಿದ್ದ ವಾದ್ಯಮೇಳಗಳ ನಡುವೆ ಮರದ ಹಳೆಯ ಕೊಳಲಿನ ದನಿ ಮುಳುಗಿಹೋಗುತ್ತಿತ್ತು. ಎಲ್ಲ ಶ್ರುತಿಗಳಲ್ಲಿಯೂ ಅದು ಸಮನಾಗಿ ನುಡಿಯುತ್ತಿರಲಿಲ್ಲ. ಬೋಮ್ ಬೆರಳಿನ ಅನುಕೂಲವನ್ನು ಬದಿಗಿಟ್ಟು, ಧ್ವನಿಶಾಸ್ತ್ರ ಹೇಳುವ ಸ್ಥಳದಲ್ಲಿಯೇ ದೊಡ್ಡ ರಂಧ್ರಗಳನ್ನಿಟ್ಟನು. ಬೆರಳು ತಲುಪದ ರಂಧ್ರಗಳನ್ನು ಮುಚ್ಚಲು ಲೋಹದ ಬಿಲ್ಲೆಗಳನ್ನೂ ಸನ್ನೆಗಳನ್ನೂ ಜೋಡಿಸಿದನು. ೧೮೩೨ರಲ್ಲಿ ಮೊದಲ ಮಾದರಿಯನ್ನೂ ೧೮೪೭ರಲ್ಲಿ ಕೊಳವೆಯಾಕಾರದ ಲೋಹದ ಕೊಳಲನ್ನೂ ಸಿದ್ಧಪಡಿಸಿದನು. ಇಂದು ಪಾಶ್ಚಾತ್ಯ ವಾದ್ಯಮೇಳಗಳಲ್ಲಿ ಕಾಣುವ ಕೊಳಲು ಅದರ ಸಂತತಿಯೇ.

ಬೋಮ್‌ನ ಕೊಳಲು ಅಷ್ಟು ಪರಿಪೂರ್ಣವಾಗಿದ್ದರೆ ಭಾರತದ ವಾದಕರು ಅದನ್ನೇ ಏಕೆ ಸ್ವೀಕರಿಸಲಿಲ್ಲ? ಇದಕ್ಕೆ ಉತ್ತರ ಸಂಗೀತದಲ್ಲಿದೆ. ಪಾಶ್ಚಾತ್ಯ ಮೇಳಕ್ಕೆ ಬೇಕಾದುದು ಒಂದು ಸಪ್ತಕದಲ್ಲಿ ಸಮಾನವಾಗಿ ಹಂಚಿಟ್ಟ ಹನ್ನೆರಡು ನಿಶ್ಚಿತ ಸ್ವರಗಳು. ಬಿಲ್ಲೆಯು ರಂಧ್ರವನ್ನು ಮುಚ್ಚುತ್ತದೆ ಇಲ್ಲವೆ ತೆರೆಯುತ್ತದೆ. ಆ ಕೆಲಸಕ್ಕೆ ಅದಕ್ಕಿಂತ ಉತ್ತಮವಾದುದಿಲ್ಲ. ಭಾರತೀಯ ರಾಗಕ್ಕೆ ಬೇಕಾದುದು ಸ್ವರಗಳಷ್ಟೇ ಅಲ್ಲ, ಸ್ವರಗಳ ನಡುವಣ ದಾರಿಯೂ ಹೌದು. ಬರಿಯ ಬೆರಳು ರಂಧ್ರವನ್ನು ಅರ್ಧ ಮುಚ್ಚಬಲ್ಲುದು, ಕಾಲುಭಾಗ ಮುಚ್ಚಬಲ್ಲುದು, ಅಂಚಿನ ಮೇಲೆ ಉರುಳಬಲ್ಲುದು. ಶುದ್ಧ ಮಧ್ಯಮ, ಕೋಮಲ ಸ್ವರಗಳು, ಅವುಗಳ ಸೂಕ್ಷ್ಮವಾದ ಏರಿಳಿತಗಳು ಎಲ್ಲವೂ ಬೆರಳಿನ ಈ ಸ್ವಾತಂತ್ರ್ಯದಿಂದಲೇ ಹುಟ್ಟುತ್ತವೆ. ಒಬ್ಬನು ಬೆರಳಿಗೂ ರಂಧ್ರಕ್ಕೂ ನಡುವೆ ಯಂತ್ರವನ್ನಿಟ್ಟನು. ಇನ್ನೊಬ್ಬರು ಅವೆರಡರ ನಡುವೆ ಏನನ್ನೂ ಇಡಲಿಲ್ಲ. ಇಬ್ಬರೂ ತಮ್ಮ ತಮ್ಮ ಸಂಗೀತದ ಮಾತನ್ನೇ ಕೇಳಿದರು.

ಮಾರ್ಪಾಟು ಎಂದಿಗೂ ಅಂತಿಮವಾಗಿರುವುದಿಲ್ಲ. ಪನ್ನಾಲಾಲ್ ಘೋಷರ ಪರಂಪರೆಯವರು ಏಳು ಸ್ವರರಂಧ್ರಗಳ ಬಾನ್ಸುರಿಯನ್ನು ಉಳಿಸಿಕೊಂಡರೆ, ೧೯೩೮ರಲ್ಲಿ ಜನಿಸಿದ ಹರಿಪ್ರಸಾದ ಚೌರಾಸಿಯಾ ಅವರು ಆರು ರಂಧ್ರಗಳ ಉದ್ದ ಬಾನ್ಸುರಿಯಿಂದಲೇ ಜಗತ್ಪ್ರಸಿದ್ಧರಾದರು. ದಕ್ಷಿಣಾದಿ ಸಂಗೀತದವರು ಎಂಟು ಸ್ವರರಂಧ್ರಗಳ ಗಿಡ್ಡ ಕೊಳಲನ್ನೇ ತಮ್ಮ ಗಮಕಗಳಿಗೆ ಒಗ್ಗಿಸಿಕೊಂಡಿದ್ದಾರೆ. ಈ ಎರಡು ಪದ್ಧತಿಗಳೂ ಕರ್ನಾಟಕದಲ್ಲಿ ಬಳಕೆಯಲ್ಲಿರುವುದು ಈ ನಾಡಿನ ಭಾಗ್ಯ. ಪನ್ನಾಲಾಲರ ಶಿಷ್ಯರೂ ಅಳಿಯಂದಿರೂ ಆದ ದೇವೇಂದ್ರ ಮುರ್ಡೇಶ್ವರರು ಗುರುವಿನ ವಾದನಕ್ರಮವನ್ನು ಮುಂದುವರಿಸಿದರು. ಧಾರವಾಡದ ವೆಂಕಟೇಶ ಗೋಡ್ಖಿಂಡಿ ಹಾಗೂ ಅವರ ಮಗ ಪ್ರವೀಣ ಗೋಡ್ಖಿಂಡಿ ಅವರು ಬಾನ್ಸುರಿಯನ್ನು ಕನ್ನಡನಾಡಿನ ಮನೆಮಾತಾಗಿಸಿದರು.

ವಾದ್ಯವೇ ಸಂಗೀತಕ್ಕಾಗಿ ಬಾಗಬೇಕೆಂಬ ನಿಯಮವೇನೂ ಇಲ್ಲ. ಕೆಲವೊಮ್ಮೆ ವಾದಕನು ವಾದ್ಯದ ಸ್ವಭಾವವನ್ನು ಗೆಲ್ಲುತ್ತಾನೆ. ಬೆಳಗಾವಿ ಸೀಮೆಯಲ್ಲಿ ಸನಾದಿ ಎಂದು ಕರೆಯುವ ಶಹನಾಯಿ ಮದುವೆಯ ಚಪ್ಪರಕ್ಕೂ ದೇವಾಲಯದ ಬಾಗಿಲಿಗೂ ಮೀಸಲಾಗಿತ್ತು. ಉಸ್ತಾದ್ ಬಿಸ್ಮಿಲ್ಲಾ ಖಾನರು (೧೯೧೬-೨೦೦೬) ಅದನ್ನು ಕಛೇರಿಯ ವೇದಿಕೆಗೆ ಏರಿಸಿದರು. ಬೆಲ್ಜಿಯಮ್ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತ ನಿರ್ಮಿಸಿ ೧೮೪೬ರಲ್ಲಿ ಹಕ್ಕುಪತ್ರ ಪಡೆದ ಸ್ಯಾಕ್ಸೋಫೋನ್ ತುಂಬ ಬಿಲ್ಲೆಗಳುಳ್ಳ ವಾದ್ಯ. ಗಮಕಕ್ಕೆ ಅದು ಒಲಿಯಲಾರದೆಂದೇ ಜನರು ಭಾವಿಸಿದ್ದರು. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ ನಾಗಸ್ವರ ವಾದಕರ ಮಗನಾಗಿ ಹುಟ್ಟಿದ ಕದ್ರಿ ಗೋಪಾಲನಾಥರು ಅದನ್ನು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡು ಮಾರುಹೋದರು. ವರ್ಷಗಟ್ಟಲೆ ಸಾಧನೆ ನಡೆಸಿ, ತುಟಿ ಮತ್ತು ಉಸಿರುಗಳ ಹಿಡಿತದಿಂದ ಅದರಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿದರು. ೧೯೯೪ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರೊಮೆನೇಡ್ ಸಂಗೀತೋತ್ಸವದಲ್ಲಿ ಅವರ ವಾದನ ನಡೆಯಿತು. ೨೦೧೯ರಲ್ಲಿ ಅವರು ಕಾಲವಾದರು.

ಇಂದಿನ ಸಂಗೀತ ಕೊಳಲನ್ನು ಮತ್ತೆ ಹೊಸ ಪರೀಕ್ಷೆಗಳಿಗೆ ಒಡ್ಡಿದೆ. ಚಲನಚಿತ್ರದ ಧ್ವನಿಮುದ್ರಣದಲ್ಲಿ, ದೇಶ ವಿದೇಶಗಳ ವಾದ್ಯಗಳು ಕೂಡಿ ನುಡಿಯುವ ಮೇಳಗಳಲ್ಲಿ ಕೊಳಲುವಾದಕನು ಬೇರೆ ಬೇರೆ ಶ್ರುತಿಗಳಿಗೆ ಹೊಂದಬೇಕಾಗುತ್ತದೆ. ಬಿದಿರಿನ ಶ್ರುತಿಯನ್ನು ತಂತಿಯಂತೆ ಬಿಗಿಯಲು ಬಾರದು. ಆದುದರಿಂದ ವಾದಕನು ಒಂದರ ಬದಲು ಹತ್ತಾರು ಕೊಳಲುಗಳನ್ನು ಜೊತೆಗೊಯ್ಯುತ್ತಾನೆ. ಉತ್ತಮವಾದ ಬಿದಿರು ಎಲ್ಲ ಕಾಲಕ್ಕೂ ದೊರೆಯಬೇಕಾದರೆ ಅದು ಬೆಳೆಯುವ ಕಾಡುಗಳೂ, ಕಿವಿಯಿಂದ ಅಳೆದು ರಂಧ್ರ ಕೊರೆಯುವ ಕುಶಲಕರ್ಮಿಗಳೂ ಉಳಿಯಬೇಕು.

ಪರಂಪರೆಯನ್ನು ಕಾಪಾಡುವುದೆಂದರೆ ಅದನ್ನು ಮುಟ್ಟದೆ ಇಡುವುದೆಂದು ಹಲವರು ತಿಳಿಯುತ್ತಾರೆ. ಹೊಸತನವೆಂದರೆ ಹಳೆಯದನ್ನು ಎಸೆಯುವುದೆಂದು ಇನ್ನು ಕೆಲವರು ತಿಳಿಯುತ್ತಾರೆ. ಬಾನ್ಸುರಿಯ ಚರಿತ್ರೆ ಈ ಎರಡು ತಿಳಿವಳಿಕೆಗಳನ್ನೂ ತಿದ್ದುತ್ತದೆ. ಪನ್ನಾಲಾಲ್ ಘೋಷರು ದನಗಾಹಿಯ ಬಿದಿರನ್ನು ಬಿಡಲಿಲ್ಲ, ಬರಿಯ ಬೆರಳಿನ ಸ್ಪರ್ಶವನ್ನು ಬಿಡಲಿಲ್ಲ. ಉದ್ದವನ್ನು ಹಿಗ್ಗಿಸಿದರು, ಒಂದು ರಂಧ್ರವನ್ನು ಕೂಡಿಸಿದರು. ಯಾವುದನ್ನು ಬದಲಿಸಬೇಕು, ಯಾವುದನ್ನು ಬದಲಿಸಬಾರದು ಎಂಬ ವಿವೇಕವನ್ನು ಅವರಿಗೆ ಕೊಟ್ಟುದು ರಾಗವನ್ನು ತಾಳ್ಮೆಯಿಂದ ಆಲಿಸಿದ ಅವರ ಕಿವಿ.